ಗುರುವಪ್ಪನವರು ಕುಡಿದ ಚೀನೀ ಕಷಾಯ

ಬಹರೈನಿನಲ್ಲಿ ಯಾವುದಕ್ಕೂ ಹೆದರದ ಗಂಡಸು ಒಬ್ಬನೇ ಇರುವುದು ಎಂದು ಅದ್ಲಿಯಾದ ಹೋಟೆಲಿನಲ್ಲಿ ಅಡುಗೆ ಮಾಡುವ ಗುರುವಪ್ಪನವರು ಇಪ್ಪತ್ತೆರಡು ವರ್ಷಗಳಿಂದ ಹೇಳುತ್ತಿದ್ದರು. ಆ ಒಬ್ಬನ ಹೆಸರನ್ನು ಮಾತ್ರ ವಿನಯದಿಂದ ಹೇಳುತ್ತಿರಲಿಲ್ಲ, ಕೇಳಿದವರು ಹೇಳಬೇಕಿತ್ತು.

ಈ ಚಳಿಗಾಲ ಅವರ ಮೂಗು ಕಟ್ಟಿತು. ಹುಬ್ಬಿನ ಮೇಲೆ ಲಾರಿ ನಿಲ್ಲಿಸಿದಷ್ಟು ಭಾರ. ಅವರು ಸನದ್ ಊರಿನ ತಮ್ಮ ಮನೆಯಲ್ಲಿ ಸೀನಿದರೆ ಎಷ್ಟೋ ಮೈಲಿ ಆಚೆ ಬುದಯ್ಯದ ಖರ್ಜೂರದ ಮರಗಳು ತಲೆದೂಗುತ್ತಿದ್ದವು. ಒಗ್ಗರಣೆ ಸೀದರೂ ತಿಳಿಯುತ್ತಿರಲಿಲ್ಲ.

ಚೀನೀ ಮದ್ದಿನಂಗಡಿಯಾಕೆ ಹತ್ತು ದಿನಕ್ಕೆಂದು ಒಂದು ಪೊಟ್ಟಣ ಕೊಟ್ಟಳು. ರೋಮವಿರುವ ಹೂಮೊಗ್ಗು, ಬಿಳಿ ಬೇರಿನ ಬಿಲ್ಲೆ, ಪುದೀನ, ಹುರಿದ ಯಾವುದೋ ಕಾಯಿ. ದಿನಕ್ಕೊಂದು ಚಿಟಿಕೆ ಬಟ್ಟೆಯಲ್ಲಿ ಕಟ್ಟಿ ಕುದಿಸಿ ಎಂದಳು. ಕರಾವಳಿಯವನಿಗೆ ಕಷಾಯ ಮಾಡಲು ಚೀನಾದವರು ಕಲಿಸುವುದೇ? ಗುರುವಪ್ಪನವರು ಇಡೀ ಪೊಟ್ಟಣ ಸುರಿದು, ಎಂಟು ಲೋಟ ನೀರನ್ನು ಒಂದಕ್ಕೆ ಇಳಿಸಿ, ಬೆಲ್ಲ ಹಾಕಿ ಕುಡಿದರು.

ಚರಟ ಚೆಲ್ಲಲು ಹೋದ ಹೆಂಡತಿ ಚಂದ್ರಾವತಿ ಒಂದು ಕಾಯಿಯನ್ನು ತಿರುಗಿಸಿ ನೋಡಿದರು.

"ಇದು ಮರುಳುಮಾತಂಗಿ ಅಲ್ವಾ? ನಮ್ಮ ಮದುವೆಯಾದ ವರ್ಷ ಊರಲ್ಲಿ ಕರು ಸತ್ತದ್ದು ಇದರ ಮೊಳಕೆ ತಿಂದೇ."

ಕರು ಕಾಲು ಒದ್ದುಕೊಂಡದ್ದು, ಕಣ್ಣು ಮೇಲಾದದ್ದು ಗುರುವಪ್ಪನವರಿಗೆ ಈಗ ನಡೆದಂತೆ ಕಂಡಿತು. ಚಂದ್ರಾವತಿ ಅಂಗಡಿಗೆ ಫೋನ್ ಮಾಡಿದರು. ಮುಳ್ಳು ತೆಗೆದು ಹುರಿದದ್ದು, ಚಿಟಿಕೆಗೆ ಭಯವಿಲ್ಲ ಎಂದಳು ಆಕೆ. ಪೊಟ್ಟಣವೇ ಹೊಟ್ಟೆ ಸೇರಿದೆ ಎಂದ ಮೇಲೆ, ಕುಡಿದು ಎಷ್ಟು ಹೊತ್ತಾಯಿತು ಎಂದು ಎರಡು ಸಲ ಕೇಳಿದಳು. ಕೊನೆಗೆ, ಕೂಡಲೇ ಡಾಕ್ಟರ ಹತ್ತಿರ ಹೋಗಿ ಎಂದಳು.

ಆ ಮಾತಿಗೇ ಗುರುವಪ್ಪನವರು ಅರ್ಧ ಸತ್ತರು.

ದಿನಾ ಅವರನ್ನು ಹೋಟೆಲಿಗೆ ಬಿಡುವ ಡ್ರೈವರ್ ಮಸೂದ್ ಕಾರು ತಂದ. ಹತ್ತಿ ಕೂತದ್ದೇ ಗುರುವಪ್ಪನವರ ನಾಲಗೆ ಮರಗಟ್ಟಿತು. ಪಾಸ್‌ಪೋರ್ಟ್ ಬೀರುವಿನಲ್ಲಿದೆ, ಹೆಣ ಊರಿಗೆ ಕಳಿಸಲು ಬೇಕಾಗುತ್ತದೆ ಎಂದು ಹೆಂಡತಿಗೆ ಹೇಳಿದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಚಂದ್ರಾ, ಧೂಪದ ವಾಸನೆ. ನನ್ನನ್ನು ಆಗಲೇ ಚಟ್ಟದ ಮೇಲೆ ಮಲಗಿಸಿದ್ದಾರಾ?"

"ಅದು ಬಖೂರ್, ಅರಬರ ಧೂಪ, ಗುರುವಪ್ಪಣ್ಣ," ಎಂದ ಮಸೂದ್. "ಎರಡು ತಿಂಗಳಿಂದ ದಿನಾ ಕಾರಲ್ಲಿ ಹೊಗೆ ಹಾಕ್ತಾ ಇದ್ದೇನೆ."

ಮೂಗು ಬಿಟ್ಟಿತ್ತು. ಆದರೆ ಆರುವ ದೀಪವೇ ಜೋರಾಗಿ ಉರಿಯುವುದಲ್ಲವೇ? ಅವರ ಹೆದರಿಕೆ ಇಮ್ಮಡಿಸಿತು.

ಡಾಕ್ಟರು ಮೂರು ಸಲ ರಕ್ತ ತೆಗೆದು, ಸಂಜೆಯವರೆಗೆ ಮಲಗಿಸಿ, ಲಿವರಿಗೆ ಏನೂ ಆಗಿಲ್ಲ, ಇನ್ನು ಆ ಕಾಯಿ ಮುಟ್ಟಬೇಡಿ ಎಂದು ಗದರಿ ಕಳಿಸಿದರು.

ಮರಳುವಾಗ ಮಸೂದನಿಗೆ ತಡೆಯಲಾಗಲಿಲ್ಲ. "ಯಾವುದಕ್ಕೂ ಹೆದರದವರ ಉಗುರಿನ ಗುರುತು ನನ್ನ ಸೀಟಲ್ಲಿ ಉಂಟು."

"ಸಾಯುವುದಕ್ಕೆ ಹೆದರಿದ್ದಲ್ಲ ಮಾರಾಯ," ಎಂದರು ಗುರುವಪ್ಪನವರು. "ಮೂಗು ಬಿಟ್ಟ ಮೇಲೆ ಬಖೂರಿನ ಅಡಿಯಿಂದ ನಿನ್ನ ಸೀಟಿನ ಒಣಮೀನಿನ ವಾಸನೆ ಬಂತು. ಹೆದರಿದ್ದು ಅದಕ್ಕೆ."