ಹುಳುಮನೆಯ ಹಿಂದಿನ ಕಲ್ಲುಕಾಲುವೆ

ಆ ಹಿತ್ತಿಲಿಗೆ ಹುಳುಮನೆ ಬಂದದ್ದೂ ಆ ಮನೆಗೆ ನಾನು ಸೊಸೆಯಾಗಿ ಬಂದದ್ದೂ ಒಂದೇ ತಿಂಗಳಲ್ಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮನೆಯವರಿಗೆ ಇಷ್ಟು ಸಣ್ಣ ವಿಷಯ ಹೊಳೆಯಲು ಎರಡು ಮಳೆಗಾಲ ಬೇಕಾಯಿತು.

ನನ್ನ ತವರು ಚನ್ನಪಟ್ಟಣದ ಕಡೆಯ ಸಮತಟ್ಟಾದ ಊರು. ಕೊಟ್ಟದ್ದು ಮಾಗಡಿ ಸೀಮೆಗೆ, ತಿಪ್ಪಸಂದ್ರದಿಂದ ಒಂದಿಷ್ಟು ಒಳಗೆ, ಬಂಡೆಗುಡ್ಡದ ಬುಡದಲ್ಲಿದ್ದ ಹಳ್ಳಿಗೆ. ಆಗ ಎಲ್ಲೆಲ್ಲೂ ರೇಷ್ಮೆಯ ಭರಾಟೆ. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಹಿಪ್ಪುನೇರಳೆ ಎದ್ದು ನಿಂತಿತ್ತು. ರಾಮನಗರದ ಮಾರುಕಟ್ಟೆಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಗೂಡಿನ ಚೀಲಗಳಿಗೆ ಸೀಟು, ನಮಗೆ ಬಾಗಿಲ ಕಂಬಿ. ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ನಾನು ಬರುವ ಮುಂಚೆ ಮಾವ ವಾಸದ ಮನೆಯ ನಡುಮನೆಯಲ್ಲೇ ಹುಳು ಸಾಕುತ್ತಿದ್ದರಂತೆ. ಹುಳು ದೊಡ್ಡದಾಗುತ್ತ ಹೋದಂತೆ ತಟ್ಟೆಗಳು ಹೆಚ್ಚಿ, ಮನೆಯವರು ಚಾಪೆ ಸುತ್ತಿಕೊಂಡು ಜಗಲಿಗೆ ಬರುತ್ತಿದ್ದರು. ಹೊಸ ಸೊಸೆಯನ್ನು ಜಗಲಿಯಲ್ಲಿ ಮಲಗಿಸುವುದು ಹೇಗೆ ಎಂದು ಯೋಚಿಸಿ, ಮಾವ ಹಿತ್ತಿಲ ಇಳಿಜಾರನ್ನು ಕಡಿದು ಮಟ್ಟ ಮಾಡಿಸಿ, ಹೆಂಚು ಹೊದಿಸಿ, ಸಿಮೆಂಟ್ ನೆಲ ಹಾಕಿಸಿ ಹುಳುವಿಗೇ ಒಂದು ಮನೆ ಕಟ್ಟಿಸಿದರು. ಕಿಟಕಿಗಳಿಗೆ, ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಬರದಂತೆ, ನೈಲಾನ್ ಪರದೆ. ಊರಿನವರು ಸಾಲಾಗಿ ಬಂದು ನೋಡಿಕೊಂಡು ಹೋದರು. ನನ್ನನ್ನೂ ನೋಡಿದರು, ಆದರೆ ಹುಳುಮನೆಯನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು.

ಮಳೆಗಾಲ ಹಿಡಿಯಿತು. ಮೊದಲ ಬೆಳೆ ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಗಬಗಬನೆ ಸೊಪ್ಪು ತಿನ್ನಬೇಕಾದ ಹೊತ್ತಿನಲ್ಲಿ ಒಂದೊಂದಾಗಿ ಸೆಟೆದುಕೊಂಡವು. ಮಾರನೇ ದಿನ ಸೀಮೆಸುಣ್ಣದ ತುಂಡಿನ ಹಾಗೆ ಬೆಳ್ಳಗೆ, ಗಟ್ಟಿಯಾಗಿ ಬಿದ್ದಿದ್ದವು. ಸುಣ್ಣಕಟ್ಟು ರೋಗ. ಎರಡನೇ ಬೆಳೆಯೂ ಹಾಗೇ ಹೋಯಿತು. ಬೇಸಿಗೆಯ ಬೆಳೆಗಳು ಚೆನ್ನಾಗಿಯೇ ಬಂದವು, ಆದರೆ ಅದರ ಹೆಸರು ನನಗೆ ಬರಲಿಲ್ಲ. ಮುಂದಿನ ವರ್ಷದ ಮೊದಲ ಮಳೆಗೆ ಮತ್ತೆ ಸುಣ್ಣಕಟ್ಟು. ಆಗ ಹೆಸರು ಬಂತು.

ಹೆಸರು ತಂದವರು ಮಾವನ ಅಕ್ಕ. ಗುಡೇಮಾರನಹಳ್ಳಿಗೆ ಕೊಟ್ಟಿದ್ದರು, ನಾನು ದೊಡ್ಡತ್ತೆ ಅನ್ನುತ್ತಿದ್ದೆ. ತಮ್ಮನ ಬೆಳೆ ಹೋದ ಸುದ್ದಿ ಕೇಳಿ ಬಂದವರು ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತ, "ಕಾಲ್ಗುಣ ಅನ್ನೋದು ಒಂದೈತೆ ಕಣಪ್ಪ. ನಾನು ಯಾರ್ನೂ ಅಂತಿಲ್ಲ" ಅಂದರು. ಅಂದು, ನೇರವಾಗಿ ನನ್ನ ಪಾದ ನೋಡಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಒಳಗೆ ಹೋಗಿ ಅವರಿಗೆ ಕಾಫಿ ಕಾಸಿದೆ. ಸಕ್ಕರೆ ಹಾಕಲಿಲ್ಲ.

ದೊಡ್ಡತ್ತೆಯ ಮಾತು ಅಷ್ಟು ನಾಟಲಿಲ್ಲ. ನಾಟಿದ್ದು ನಮ್ಮತ್ತೆಯ ಮೌನ. ಅತ್ತೆ ಒಳ್ಳೆಯವರು, ಒಂದು ದಿನ ಜೋರು ಮಾತಾಡಿದವರಲ್ಲ. ಆದರೆ ಅದಾದ ಮೇಲೆ ಮೊಟ್ಟೆಯೊಡೆದ ಹುಳುವನ್ನು ಕೋಳಿಗರಿಯಿಂದ ಸೊಪ್ಪಿನ ಮೇಲೆ ಇಳಿಸುವ ದಿನ ಬಂದಾಗ, ನನಗೆ ಹಿಪ್ಪುನೇರಳೆ ತೋಟದ ತುದಿಯಲ್ಲೇ ಏನಾದರೂ ಕೆಲಸ ಹಚ್ಚುತ್ತಿದ್ದರು. ಆ ದಿನ ಹುಳುಮನೆಯಲ್ಲಿ ನನ್ನ ಕಾಲು ಬೇಡ ಅಂತ. ನಾನು ತೋಟದಲ್ಲಿ ಸೊಪ್ಪು ಕಿತ್ತುಕೊಂಡು ಗಿಡದ ಮರೆಯಲ್ಲಿ ಅತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ. ಗಂಡನಿಗೆ ಹೇಳಿದರೆ ಕತ್ತು ಕೆರೆದುಕೊಂಡರು. ಒಳ್ಳೆಯ ಮನುಷ್ಯ, ಆದರೆ ಕಷ್ಟ ಬಂದಾಗಲೆಲ್ಲ ಅವರಿಗೆ ಕತ್ತು ಕೆರೆಯುತ್ತಿತ್ತು.

ಅಳು ಮುಗಿದ ಮೇಲೆ ನನಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದಾಗ ಕಣ್ಣು ಚುರುಕಾಗುತ್ತದೆ. ಹುಳುಮನೆಯೊಳಗೆ ಹಿಂದಿನ ಗೋಡೆಯ ಪಕ್ಕ ನಿಂತರೆ ಅಂಗಾಲು ತಣ್ಣಗಾಗುವುದು ಗೊತ್ತಾಯಿತು. ಸಂಜೆ ಒಣ ಗೋಣಿಚೀಲ ಹಾಸಿದರೆ ಬೆಳಿಗ್ಗೆಗೆ ಅದರ ಅಡಿಭಾಗ ಒದ್ದೆ. ಗೋಡೆಯ ಬುಡದಲ್ಲಿ ಮೊಣಕಾಲೆತ್ತರ ಸುಣ್ಣ ಉದುರಿ ಉಪ್ಪಿನಂಥದ್ದು ಬೆಳೆದಿತ್ತು. ಸುಣ್ಣಕಟ್ಟು ತೇವಕ್ಕೆ ಬರುವ ರೋಗ ಎಂಬ ಅನುಮಾನ ಮಾವನಿಗೂ ಇತ್ತು, ಆದರೆ ನೀರೆಂದರೆ ಮೇಲಿಂದಲೇ ಬರಬೇಕು ಎಂಬುದು ಅವರ ಲೆಕ್ಕ. ಎರಡು ಸಲ ಹೆಂಚು ಕೆಳಗಿಳಿಸಿ ಮತ್ತೆ ಹೊದಿಸಿದರು. ಹೊರಗೆ ಗೋಡೆಯ ಪಕ್ಕ ಒಂದು ತೆರೆದ ಚರಂಡಿ ತೋಡಿಸಿದರು. ಅದರಲ್ಲಿ ಮಣ್ಣು ತುಂಬಿ ನಮ್ಮ ಕೋಳಿಗಳು ಸುಖವಾಗಿ ಹೊರಳಾಡಿದವು. ನೆಲ ಮಾತ್ರ ಹಾಗೇ ತಣ್ಣಗಿತ್ತು.

ಹಿಪ್ಪುನೇರಳೆಗೆ ಕುರಿಗೊಬ್ಬರ ಒಳ್ಳೆಯದು. ಗುಡ್ಡದ ಇನ್ನೊಂದು ಮಗ್ಗುಲಲ್ಲಿ ಕುರಿ ಸಾಕುವ ಒಬ್ಬ ತಾತ ಇದ್ದರು. ಮೂರು ದಿನ ಜಡಿಮಳೆ ಹೊಡೆದು ನಿಂತ ಬೆಳಿಗ್ಗೆ ಗೊಬ್ಬರ ಕೇಳಲು ಹೋದೆ. ದಾರಿಯಲ್ಲೆಲ್ಲ ಕಾಲು ಹೂತುಹೋಗುವಷ್ಟು ಕೆಸರು. ಅವರ ಕುರಿದೊಡ್ಡಿಯೊಳಗೆ ಕಾಲಿಟ್ಟರೆ ನೆಲ ಬೆಚ್ಚಗೆ, ಒಣಗಿ ಪುಡಿಪುಡಿ. ಅದೂ ನಮ್ಮ ಹಾಗೇ ಇಳಿಜಾರು ಕಡಿದು ಮಾಡಿದ ಜಾಗ. ಗೊಬ್ಬರ ಮರೆತು, ಇದು ಹೇಗೆ ತಾತ ಅಂತ ಕೇಳಿದೆ.

ತಾತ ನನ್ನನ್ನು ದೊಡ್ಡಿಯ ಕೆಳತುದಿಗೆ ಕರೆದುಕೊಂಡು ಹೋಗಿ ತಂಗಡಿ ಗಿಡ ಸರಿಸಿದರು. ಎರಡು ಕಲ್ಲಿನ ಸಂದಿಯಿಂದ ಬೆರಳು ಗಾತ್ರದ ನೀರು, ಕುಡಿಯಬಹುದು ಅನ್ನುವಷ್ಟು ತಿಳಿಯಾಗಿ, ಹರಿಯುತ್ತಿತ್ತು.

"ಕುರಿ ಗೊರಸು ಕೊಳೀತಿದ್ವು ಕಣವ್ವ. ಮೋಡ ನೋಡ್ಕಂಡು ಬಯ್ತಾ ಕೂತಿದ್ದೆ. ನೀರು ಮೇಲಿಂದಲ್ಲ, ಮಣ್ಣೊಳಗಿಂದ ಬತ್ತೈತೆ ಅಂತ ತಿಳಿಯಾಕೆ ಮೂರು ವರ್ಸ ಆಯ್ತು."

ಆಮೇಲೆ ಬಿಡಿಸಿ ಹೇಳಿದರು. ಗುಡ್ಡದ ಮೇಲೆ ಬಿದ್ದ ಮಳೆ ಮಣ್ಣಿಗೆ ಇಳಿಯುತ್ತದೆ. ಅಡಿಯಲ್ಲಿ ಬಂಡೆ ಸಿಕ್ಕಾಗ ಇನ್ನು ಇಳಿಯಲಾಗದೆ ಬಂಡೆಯ ಮೇಲೇ ಜಾರಿಕೊಂಡು ಬರುತ್ತದೆ. ನಾವು ಮಟ್ಟ ಮಾಡಲು ಕಡಿದ ಜಾಗದಲ್ಲಿ ಹೊರಗೆ ಬಂದು ನೆಲದಡಿ ಸೇರಿಕೊಳ್ಳುತ್ತದೆ. ಅದಕ್ಕೆ ಅವರು ದೊಡ್ಡಿಯ ಮೇಲುಗಡೆ ಬಂಡೆ ಸಿಗುವವರೆಗೆ ಉದ್ದಕ್ಕೆ ಅಗೆದು, ಅಡಿಗೆ ದಪ್ಪ ಕಲ್ಲು, ಅದರ ಮೇಲೆ ಸಣ್ಣ ಕಲ್ಲು, ಮೇಲೆ ಸೊಪ್ಪು ಹಾಸಿ ಮಣ್ಣು ಮುಚ್ಚಿದ್ದರು. ನೀರು ಕಲ್ಲಿನ ಸಂದಿಗೆ ಸಿಕ್ಕಿದ ಕೂಡಲೇ ಸುಲಭದ ದಾರಿ ಕಂಡು ಪಕ್ಕಕ್ಕೆ ಹೊರಟುಬಿಡುತ್ತಿತ್ತು.

ನಾನು ಕೆಸರಲ್ಲಿ ಓಡಿಕೊಂಡೇ ಮನೆಗೆ ಬಂದೆ. ಮಧ್ಯಾಹ್ನ ಮಾವ ಮುದ್ದೆ ಮುರಿಯುತ್ತಿದ್ದಾಗ ಎಲ್ಲ ಹೇಳಿದೆ. ಕುರಿದೊಡ್ಡಿಗೂ ಹುಳುಮನೆಗೂ ಏನು ಸಂಬಂಧ ಎಂದು ಮಾವ ತಲೆ ಎತ್ತಲಿಲ್ಲ. ಆಗ ದೊಡ್ಡತ್ತೆ ಬಂದ ದಿನದಿಂದ ಅದುಮಿಟ್ಟುಕೊಂಡಿದ್ದದ್ದು ಹೊರಗೆ ಬಂತು.

"ನಾನೂ ಆ ಮನೇನೂ ಒಂದೇ ತಿಂಗ್ಳಲ್ಲಿ ಬಂದೋ ಮಾವ. ಬೆಳೆ ಹೋದಾಗ ಎಲ್ರೂ ನನ್ ಕಾಲು ನೋಡುದ್ರಿ. ಆ ಮನೆ ಬುಡ ಒಬ್ರೂ ಬಗ್ಗಿ ನೋಡ್ಲಿಲ್ಲ."

ಮಾವ ಉಳಿದ ಮುದ್ದೆ ಮುಗಿಸಿ ಕೈ ತೊಳೆಯಲು ಎದ್ದರು. ಒಲೆಯ ಮುಂದಿದ್ದ ಅತ್ತೆ ಸೌದೆ ಒಳಗೆ ತಳ್ಳಿದರು. ಗಂಡ ಕತ್ತು ಕೆರೆದುಕೊಂಡರು. ಮಾರನೇ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಹಿತ್ತಿಲಲ್ಲಿ ಪಿಕಾಸಿಯ ಸದ್ದು ಕೇಳುತ್ತಿತ್ತು.

ಅಪ್ಪ ಮಗ ಇಬ್ಬರೂ ಅಗೆದರು, ನಾನು ಮಣ್ಣು ಹೊತ್ತೆ. ಸೊಂಟದ ಆಳಕ್ಕೆ ಬಂಡೆ ಸಿಕ್ಕಿತು. ಬಂಡೆಗೂ ಮಣ್ಣಿಗೂ ನಡುವೆ, ಬಿಸಿಲು ಬಿದ್ದು ನಾಲ್ಕು ದಿನವಾಗಿದ್ದರೂ, ನೀರು ಜಿನುಗುತ್ತಿತ್ತು. ಮಾವ ಗುಂಡಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಅದನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ಅಗೆಯುವ ರಭಸವೇ ಬೇರೆ.

ರಭಸದಲ್ಲಿ ಒಂದು ಎಡವಟ್ಟಾಯಿತು. ಹಿಪ್ಪುನೇರಳೆ ಸಾಲಿಗೆ ಹಗ್ಗ ಹಿಡಿದು ಅಭ್ಯಾಸವಾದ ಕೈ ನಮ್ಮ ಮಾವನದು. ಗುಂಡಿಯನ್ನು ಹಗ್ಗ ಹಿಡಿದು ನೆಟ್ಟಗೆ, ತಳವನ್ನು ಈ ತುದಿಯಿಂದ ಆ ತುದಿಗೆ ಅಂಗಳದ ಹಾಗೆ ಸಮ ಮಾಡಿ, ಮೀಸೆ ತಿರುವಿಕೊಂಡು ತಾತನನ್ನು ಕರೆಸಿದರು. ತಾತ ಒಂದು ಕೊಡ ನೀರು ತರಿಸಿ ಸುರಿದರು. ನೀರು ಬಿದ್ದಲ್ಲೇ ಬಿದ್ದುಕೊಂಡಿತು.

"ಎತ್ತಗೆ ಹೋಗ್ಬೇಕು ಅಂತ ಇದುಕ್ಕೆ ಯಾರು ಹೇಳವ್ರೆ?" ಅಂದರು ತಾತ.

ಮತ್ತೆರಡು ದಿನ ಒಂದು ತುದಿಯನ್ನು ಇಳಿಜಾರು ಮಾಡುವ ಕೆಲಸ ನಡೆಯಿತು. ಬಂಡೆ ಒಡೆಯುವ ಕಡೆಯಿಂದ ಗಾಡಿಯಲ್ಲಿ ಚಕ್ಕೆಕಲ್ಲು ತಂದು, ಮಣ್ಣು ಉಳಿಯದಂತೆ ತೊಳೆದು ತುಂಬಿದೆವು. ಮೇಲೆ ಸೊಪ್ಪು ಹಾಸಿದರೆ ಅದು ಕೊಳೆತ ಮೇಲೆ ಮಣ್ಣು ಸಂದಿಗೆ ಇಳಿದು ನೀರಿನ ದಾರಿ ಕಟ್ಟುತ್ತದೆ ಎಂದು ನನಗೆ ಅನ್ನಿಸಿತು. ತಾತನೂ ಹೌದು, ತಾನು ಆಗಾಗ ಬಿಚ್ಚಿ ತೊಳೆಯುತ್ತೇನೆ ಎಂದರು. ಅಟ್ಟದ ಮೇಲೆ ಕಿಟಕಿಯಿಂದ ಬಿಚ್ಚಿ ಹಾಕಿದ್ದ ಹಳೆಯ ಊಜಿ ಪರದೆಗಳಿದ್ದವು. ಅವನ್ನೇ ಮಡಿಸಿ ಕಲ್ಲಿನ ಮೇಲೆ ಹೊದಿಸಿದೆವು. ನೀರು ಇಳಿಯುತ್ತದೆ, ಮಣ್ಣು ನಿಲ್ಲುತ್ತದೆ. ಆ ಹೊತ್ತಿಗೆ ಬಂದ ದೊಡ್ಡತ್ತೆ, ಗುಂಡಿ ತೋಡುವುದು ಮತ್ತೆ ಮುಚ್ಚುವುದು, ಇವರಿಗೆ ಬೇರೆ ಕೆಲಸ ಇಲ್ಲವೇ ಎಂದು ಊರಿಗೆಲ್ಲ ಕೇಳುವಂತೆ ಕೇಳಿದರು. ಈ ಸಲ ಕಾಫಿಗೆ ಸಕ್ಕರೆ ಹಾಕಿದೆ. ಮನಸ್ಸು ಹಗುರವಾಗಿತ್ತು.

ಹೊಸ ಬೆಳೆಯ ಹುಳು ಇಳಿಸುವ ದಿನವೂ ಅತ್ತೆ ನನ್ನನ್ನು ತೋಟಕ್ಕೇ ಕಳಿಸಿದರು. ಹುಳು ನಾಲ್ಕನೇ ಜ್ವರಕ್ಕೆ ಕೂತ ದಿನ ಹಸ್ತ ಮಳೆ ಶುರುವಾಯಿತು. ನಾವೆಲ್ಲ ತಲೆಗೆ ಗೋಣಿ ಕೊಪ್ಪೆ ಹಾಕಿಕೊಂಡು ಕಲ್ಲುಕಾಲುವೆಯ ನೀರು ಹೊರಬರಬೇಕಾದ ಬಾಯಿಯ ಹತ್ತಿರ ನಿಂತೆವು. ಒಂದು ಹನಿಯೂ ಬರಲಿಲ್ಲ. ಎಲ್ಲರೂ ಒಂದೊಂದು ಸಲ ನನ್ನ ಕಡೆ ನೋಡಿ ಒಳಗೆ ಹೋದರು. ನಾನು ಹಟಕ್ಕೆ ಅಲ್ಲೇ ನಿಂತೆ. ಮಧ್ಯಾಹ್ನದ ಮೇಲೆ ಕೆಂಪು ನೀರು ತೊಟ್ಟಿಕ್ಕಿತು, ಆಮೇಲೆ ಸಣ್ಣಗೆ ಹರಿಯಿತು, ಸಂಜೆಗೆ ತಿಳಿಯಾಗಿ ತೋಟದ ಕಡೆ ಹೊರಟಿತು. ನಾನು ಒಬ್ಬಳೇ ನಗುತ್ತಿದ್ದೆ. ಮೈಯಲ್ಲಿ ಒಣಗಿದ ಜಾಗ ಒಂದಿರಲಿಲ್ಲ.

ಆ ಸಂಜೆ ಹುಳುಮನೆಯೊಳಗೆ ಹಿಂದಿನ ಗೋಡೆಯ ಪಕ್ಕ ಒಣ ಗೋಣಿಚೀಲ ಹಾಸಿದೆ. ಬೆಳಿಗ್ಗೆ ಹೋಗುವಷ್ಟರಲ್ಲಿ ಅತ್ತೆ ಅದನ್ನು ಎತ್ತಿ ಅಡಿಭಾಗವನ್ನು ಕೆನ್ನೆಗೆ ಒತ್ತಿಕೊಂಡು ನಿಂತಿದ್ದರು. ನನ್ನನ್ನು ನೋಡಿ ಚೀಲವನ್ನು ಕೈಗೆ ಕೊಟ್ಟರು. ಒಣಗಿತ್ತು.

ಆ ಬೆಳೆಯಲ್ಲಿ ಸುಣ್ಣಕಟ್ಟು ಬಿದ್ದದ್ದು ಕಾಣಲಿಲ್ಲ. ಹುಳು ಹಣ್ಣಾಗಿ, ಚಂದ್ರಿಕೆ ಎಂಬ ಬಿದಿರು ತಟ್ಟಿಗಳ ತುಂಬ ಗೂಡು ಕಟ್ಟಿದವು. ಮುಂದಿನ ಸಲ ಮೊಟ್ಟೆ ಒಡೆದ ದಿನ ನಾನು ಅಭ್ಯಾಸದಂತೆ ಕುಡುಗೋಲು ತೆಗೆದುಕೊಂಡು ತೋಟಕ್ಕೆ ಹೊರಟಿದ್ದೆ. ಅತ್ತೆ ಹುಳುಮನೆಯ ಬಾಗಿಲಿಂದ ಕರೆದು, ಕುಡುಗೋಲು ಇಸಿದುಕೊಂಡು, ಕೋಳಿಗರಿ ನನ್ನ ಕೈಗಿಟ್ಟರು.

"ನಾನು ಬಾಯ್ಬುಟ್ಟು ಅನ್ಲಿಲ್ಲ ಅಷ್ಟೇ ಕಣ್ ಮಗ. ಒಳಗೆ ನಾನೂ ನಂಬಿದ್ದೆ. ತಪ್ಪಾಯ್ತು. ಇವತ್ತಿಂದ ನೀನೇ ಇಳಿಸು."

ಗರಿ ಆಡಿಸಿ ಅಭ್ಯಾಸವಿಲ್ಲದೆ ಅರ್ಧ ಹುಳು ಸೊಪ್ಪಿನ ಆಚೆ ಬಿದ್ದವು. ಅತ್ತೆ ಒಂದೊಂದನ್ನೂ ಆರಿಸಿ ಮೇಲಿಟ್ಟರು. ಇಬ್ಬರೂ ಅಳುತ್ತಿದ್ದೆವು, ಇಬ್ಬರೂ ಬಗ್ಗಿದ್ದರಿಂದ ಯಾರೂ ಯಾರ ಮುಖವನ್ನೂ ನೋಡಬೇಕಾಗಲಿಲ್ಲ.

ಮುಂದಿನ ವರ್ಷ ದೊಡ್ಡತ್ತೆಯೂ ಗುಡೇಮಾರನಹಳ್ಳಿಯಲ್ಲಿ ಹುಳುಮನೆ ಕಟ್ಟಿಸಿದರು. ಪೂಜೆಗೆ ನಮ್ಮನ್ನೆಲ್ಲ ಕರೆದರು. ಅಷ್ಟರಲ್ಲಿ ನನ್ನ ಕಾಲ್ಗುಣ ಊರಿಂದೂರಿಗೆ ಒಳ್ಳೆಯದಾಗಿಬಿಟ್ಟಿತ್ತು. ನಾನು ಗುಂಡಿಯ ವಿಷಯ ಹೇಳಿದಷ್ಟೂ ಜನ ನನ್ನ ಪಾದವನ್ನೇ ಹೊಗಳುತ್ತಿದ್ದರು. ದೊಡ್ಡತ್ತೆ ಎಲ್ಲರನ್ನೂ ಹೊಸಿಲಿನಾಚೆ ನಿಲ್ಲಿಸಿ, ನನ್ನ ಕೈ ಹಿಡಿದು ತಂದು, ಮೊದಲ ಹೆಜ್ಜೆ ನಿನ್ನದೇ ಇರಲಿ, ಬಲಗಾಲಿಟ್ಟು ಒಳಗೆ ಹೋಗು ಎಂದರು.

ನಾನು ಒಳಗೆ ಹೋಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಮನೆಯ ಹಿಂದಕ್ಕೆ ಹೋಗಿ, ಗೋಡೆಯ ಬುಡದಲ್ಲಿ ಕೂತು ಮಣ್ಣು ಮುಟ್ಟಿ ನೋಡಿದೆ. ತಲೆ ಎತ್ತಿದಾಗ ಅತ್ತೆಯೂ ಪಕ್ಕದಲ್ಲಿ ಕುಕ್ಕರಿಸಿ, ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು, ಮಣ್ಣು ಮುಟ್ಟುತ್ತಿದ್ದರು.