ಒತ್ತಿಕೊಂಡ ಗುಂಡಿ

ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸುವುದು ಕಷ್ಟವಾದ ಮೇಲೆ ಟೈಲರಮ್ಮ ಹೊಲಿಗೆ ಬಿಟ್ಟು ರೇಡಿಯೋ ಹಿಡಿದಳು. ಹಾಡು ಕೇಳುವ ರೇಡಿಯೋ ಅಲ್ಲ. ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ಗುಂಡಿ ಒತ್ತಿ ಮಾತಾಡುವ ಹ್ಯಾಮ್ ರೇಡಿಯೋ. "ಅರವತ್ತಕ್ಕೆ ಅರಳುಮರಳು ಅಂತ ಸುಮ್ನೆ ಹೇಳ್ತಾರಾ?" ಎಂದು ಅಳಿಯ ನಕ್ಕಿದ್ದ. "ಮಾತಾಡೋಕೆ ಮೊಬೈಲ್ ಇಲ್ವಾ ಅತ್ತೆ?" ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮುಖ ನೋಡದ ಯಾರೋ ಗಾಳಿಯಲ್ಲಿ ಬಂದು "ಚೆನ್ನಾಗಿದೀರಾ?" ಎಂದು ಕೇಳುವ ಸುಖ ಅವನಿಗೇನು ಗೊತ್ತು!

ಈ ಹುಚ್ಚು ಹತ್ತಿಸಿದವರು ಡ್ರಾಯಿಂಗ್ ಮೇಷ್ಟ್ರು. ಬೆಳಗ್ಗೆ ಊರಿನ ಹ್ಯಾಮ್‌ಗಳೆಲ್ಲ ಒಂದೇ ಚಾನೆಲ್ಲಿನಲ್ಲಿ ಸೇರಿದಾಗ ಮೊದಲ ಮಾತು ಅವರದ್ದೇ. ಒಂಟಿ ಜೀವ. ಈಚೆಗಷ್ಟೇ ಮನೆ ಬದಲಾಯಿಸಿದ್ದರು. ಹೊಸ ಮನೆ ಹಳೇ ಗಿರಣಿಯ ಆಚೆ ಎಂಬುದಷ್ಟೇ ಉಳಿದವರಿಗೆ ಗೊತ್ತು. ದಿನವೂ ಕಿವಿಯಲ್ಲೇ ಇರುವವರ ವಿಳಾಸವನ್ನು ಯಾರು ಕೇಳುತ್ತಾರೆ?

ಅವತ್ತು ಮೇಷ್ಟ್ರು "ಎಲ್ಲರಿಗೂ ನಮಸ್ಕಾರ" ಅಂದರು. ಮರುಕ್ಷಣ ಏನೋ ದಬ್ಬೆಂದು ಬಿತ್ತು. ಮಾತು ನಿಂತಿತು, ಆದರೆ ಚಾನೆಲ್ ಖಾಲಿಯಾಗಲಿಲ್ಲ. ಕೈಯಲ್ಲಿ ಹಿಡಿದು ಮಾತಾಡುವ ಸೆಟ್ಟಿನ ಗುಂಡಿ ಒತ್ತಿಕೊಂಡೇ ಉಳಿದರೆ ಹೀಗಾಗುತ್ತದೆ: ಆ ಕಡೆಯ ಸದ್ದೆಲ್ಲ ಊರಿಗೆ ಕೇಳುತ್ತದೆ, ಊರಿನ ಮಾತು ಅವರಿಗೆ ಕೇಳುವುದಿಲ್ಲ. ಹ್ಯಾಮ್‌ಗಳಿಗೆ ಇದು ನಿತ್ಯದ ತಮಾಷೆ. ಸೆಟ್ಟಿನ ಮೇಲೆ ಕೂತು ಮಗಳ ಜೊತೆಗಿನ ಜಗಳವನ್ನು ಊರಿಗೆಲ್ಲ ಕೇಳಿಸಿದ ಕೀರ್ತಿ ಟೈಲರಮ್ಮನಿಗೂ ಇತ್ತು.

ಬೇಕರಿಯವನು ಫೋನ್ ಮಾಡಿದ. "ಮೇಷ್ಟ್ರು ಸೆಟ್ ಮೇಲೆ ಕೂತ್ಬಿಟ್ಟಿದಾರೆ! ಪಕ್ಕದ ಚಾನೆಲ್ಲಿಗೆ ಬನ್ನಿ ಅಕ್ಕ."

"ಕೂತಿಲ್ಲ ಕಣೋ, ಬಿದ್ದಿದಾರೆ. ಸರಿಯಾಗಿ ಕೇಳು."

ದನಿ ಹೆಚ್ಚಿಸಿದಳು. ಗೊರಗೊರ ಉಸಿರು. ಮೇಷ್ಟ್ರ ಮೊಬೈಲಿಗೆ ಕರೆ ಮಾಡಿದರೆ ಅದು ಬಡಿದುಕೊಳ್ಳುವುದು ಇವಳ ಸೆಟ್ಟಿನಲ್ಲೇ ಕೇಳಿತು. ಎತ್ತುವವರಿಲ್ಲ. ಟೈಲರಮ್ಮ ಬೇಕರಿಯವನಿಗೆ ಮತ್ತೆ ಫೋನ್ ಮಾಡಿದಳು: "ನಾನು ಹುಡುಕೋಕೆ ಹೊರಟೆ, ಎಲ್ಲರಿಗೂ ಹೇಳು."

"ಅಳಿಯಂದ್ರೇ, ಕಾರು ತೆಗೀರಿ!"

"ಎಲ್ಲಿಗೆ ಅತ್ತೆ?"

"ಗೊತ್ತಿಲ್ಲ. ಮೊದಲು ಹೊರಡಿ."

ಬಡಗಿಗಳ ಉಕ್ಕಿನ ಟೇಪು ಕತ್ತರಿಸಿ ಮಾಡಿದ ಆಂಟೆನಾವನ್ನು ತನ್ನ ಸೆಟ್ಟಿಗೆ ಸಿಕ್ಕಿಸಿ ಕಾರಿನ ಕಿಟಕಿಯಿಂದಾಚೆ ಹಿಡಿದಳು. ಎಲ್ಲೋ ಅಡಗಿಸಿಟ್ಟ ಸೆಟ್ಟನ್ನು ಅದರ ಸಿಗ್ನಲ್ಲಿನ ಜಾಡು ಹಿಡಿದು ಹುಡುಕುವುದು ಹ್ಯಾಮ್‌ಗಳ ಆಟ; ಆ ಆಟದಲ್ಲಿ ಅವಳು ಯಾವಾಗಲೂ ಕಡೆಯವಳು. ಸೆಟ್ಟಿನ ಪುಟ್ಟ ಪರದೆಯಲ್ಲಿ ಸಿಗ್ನಲ್ ತೋರಿಸುವ ಗೀಟುಗಳು ಎತ್ತ ಏರಿದವೋ ಅತ್ತ ಕಾರು ತಿರುಗಿತು. ಮೇಷ್ಟ್ರ ಬ್ಯಾಟರಿ ಮುಗಿದರೆ ಜಾಡೂ ಮುಗಿಯಿತು. ದೇವರೇ, ಇನ್ನೊಂದಿಷ್ಟು ಹೊತ್ತು!

ಗಿರಣಿ ದಾಟಿದ ಮೇಲೆ ಆಂಟೆನಾ ಎತ್ತ ತಿರುಗಿಸಿದರೂ ಗೀಟುಗಳೆಲ್ಲ ತುಂಬಿಯೇ ಇದ್ದವು. ತೀರಾ ಹತ್ತಿರ ಬಂದಾಗಿತ್ತು. ಇನ್ನು ದಿಕ್ಕು ತಿಳಿಯುವಂತಿರಲಿಲ್ಲ. ಸುತ್ತ ಒಂದೇ ತರಹದ ಬೀದಿಗಳು, ಮುಚ್ಚಿದ ಬಾಗಿಲುಗಳು. ಸೆಟ್ಟು ಕರಕರ ಅನ್ನತೊಡಗಿತು; ಮೇಷ್ಟ್ರ ಬ್ಯಾಟರಿ ಸೋಲುತ್ತಿತ್ತು.

"ಹಾರ್ನ್ ಹೊಡೀರಿ!" ಅಂದಳು. "ಅವರ ಮೈಕಿಗೆ ಕೇಳಿದ್ರೆ ನಮ್ಮ ಸೆಟ್ಟಿಗೂ ಕೇಳುತ್ತೆ."

ಅಳಿಯ ಹೊಡೆದ. ಸೆಟ್ಟಿನಲ್ಲಿ ಬರೀ ಉಸಿರು. ಮುಂದಿನ ಬೀದಿಯಲ್ಲೂ ಅಷ್ಟೇ. ಅದರಾಚೆಯ ಬೀದಿಯಲ್ಲಿ ಹೊಡೆದಾಗ ಅದೇ ಹಾರ್ನು ಸೆಟ್ಟಿನೊಳಗಿಂದಲೂ ಕೂಗಿತು.

"ಇಲ್ಲೇ ಅತ್ತೆ! ಇಲ್ಲೇ ಇದಾರೆ!" ಅಳಿಯ ಕಿರುಚಿದ.

ಅಷ್ಟರಲ್ಲಿ ಸೆಟ್ಟು ಸ್ತಬ್ಧವಾಯಿತು. ನಿಂತದ್ದು ಬ್ಯಾಟರಿಯೋ, ಉಸಿರೋ? ಟೈಲರಮ್ಮ ಕಾರಿನಿಂದಿಳಿದು ಮನೆ ಮನೆ ನೋಡುತ್ತ ಓಡಿದಳು. ಆಗ ಅರ್ಧ ಕಟ್ಟಿದ ಆಂಟೆನಾ ತಂತಿ ಜೋಲುತ್ತಿದ್ದ ಕಿಟಕಿಯೊಂದು ಕಣ್ಣಿಗೆ ಬಿತ್ತು. "ಅದೇ ಮನೆ!" ಅಳಿಯ ಭುಜ ಕೊಟ್ಟು ಬಾಗಿಲು ಮುರಿದ.

ಉರುಳಿದ ಸ್ಟೂಲಿನ ಪಕ್ಕ ಮೇಷ್ಟ್ರು ಬೋರಲು ಬಿದ್ದಿದ್ದರು. ಸೆಟ್ಟು ಎದೆಯಡಿ ಸಿಕ್ಕಿಕೊಂಡಿತ್ತು. ಹಣೆಯಲ್ಲಿ ರಕ್ತ. ಅಳಿಯ ಆಂಬುಲೆನ್ಸಿಗೆ ಫೋನ್ ಮಾಡಿದ. ಅವಳು ಕೆನ್ನೆ ತಟ್ಟಿದಳು. ರೆಪ್ಪೆ ಅಲುಗಿತು.

ಖಾಲಿಯಾದ ಚಾನೆಲ್ಲಿನಲ್ಲಿ ಸುದ್ದಿಗೆ ಕಾದು ಕೂತಿದ್ದವರ ದನಿಗಳೆಲ್ಲ ಈಗ ಅವಳ ಸೆಟ್ಟಿಗೆ ಒಟ್ಟಿಗೆ ನುಗ್ಗಿದವು: "ಸಿಕ್ಕಿದ್ರಾ ಅಕ್ಕ? ಇದಾರಾ? ಹೇಳ್ರೀ, ಇದಾರಾ?"

ಗುಂಡಿ ಒತ್ತಿದಳು. ಬಾಯಿಬಡುಕಿ ಎಂದೇ ಹೆಸರಾದ ಟೈಲರಮ್ಮನಿಗೆ ಮಾತೇ ಹೊರಡಲಿಲ್ಲ. ಸೆಟ್ಟನ್ನು ಮೇಷ್ಟ್ರ ಬಾಯಿಯ ಹತ್ತಿರ ಹಿಡಿದಳು.

"ಇದೀನಿ," ಅಂದರು ಮೇಷ್ಟ್ರು.