ಆರಿಂಚಿನಕ್ಕನ ದೊಡ್ಡ ಕೇಕು

ಬೀದಿಯವರೆಲ್ಲ ಅವಳನ್ನು ಆರಿಂಚಿನಕ್ಕ ಎಂದೇ ಕರೆಯುವುದು. ಇಪ್ಪತ್ತು ವರ್ಷದಿಂದ ಕೇಕ್ ಮಾಡಿ ಮಾರುವವಳು, ಆರಿಂಚಿನ ದುಂಡು ಟಿನ್ನು ಬಿಟ್ಟು ಇನ್ನೊಂದನ್ನು ಮುಟ್ಟಿದವಳಲ್ಲ. ಯಾರಾದರೂ ದೊಡ್ಡದು ಕೇಳಿದರೆ ಎರಡು ಚಿಕ್ಕದು ಕೊಟ್ಟು ಕೈತೊಳೆದುಕೊಳ್ಳುತ್ತಿದ್ದಳು. ಬೇಯಲು ಏನಿಟ್ಟರೂ ಹತ್ತು ಸಲ ಇಣುಕದೆ ಇರಲಾರಳು. ನಿಂತಲ್ಲಿ ನಿಲ್ಲುವ ಜೀವವೇ ಅಲ್ಲ ಅದು.

ನಾಳೆ ಮಗಳ ಮದುವೆ. ಐವತ್ತು ಜನಕ್ಕೆ ಒಂದೇ ದೊಡ್ಡ ಕೇಕು ತನ್ನ ಕೈಯಿಂದಲೇ ಆಗಬೇಕೆಂಬ ಹಟ ಇವಳಿಗೆ. ಮಗಳಿಗೋ ನಂಬಿಕೆಯಿಲ್ಲ. “ಅಮ್ಮಾ, ಐದು ಗಂಟೆವರೆಗೂ ನೋಡ್ತೀನಿ. ಆಗದಿದ್ರೆ ಅಂಗಡಿಗೆ ಫೋನ್ ಮಾಡ್ತೀನಿ,” ಎಂದು ಬೆಳಿಗ್ಗೆಯೇ ಹೇಳಿಬಿಟ್ಟಿದ್ದಳು. ಆ ಮಾತು ಒಳಗೊಳಗೇ ಕುಟುಕುತ್ತಿತ್ತು.

ಹೊಸ ಟಿನ್ನು ಹನ್ನೆರಡಿಂಚು. ಆರರ ಎರಡರಷ್ಟು ತಾನೇ? ಎರಡು ಮೊಟ್ಟೆ ಇದ್ದಲ್ಲಿ ನಾಲ್ಕು, ಮಿಕ್ಕಿದ್ದೂ ಹಾಗೆಯೇ. ಸುರಿದರೆ ಹಿಟ್ಟು ತಳ ಮುಚ್ಚಿತು, ಅಷ್ಟೇ. ಬೆಂದು ಬಂದದ್ದು ಬೆರಳು ದಪ್ಪ. ಎರಡು ಗಂಟೆಯಾಗಿತ್ತು. ಅವಳಿಗೆ ಅಳುವೇ ಬಂತು.

ಮೂಲೆಯಲ್ಲಿ ಕೂತು ನೋಡುತ್ತಿದ್ದ ಅವಳ ಅತ್ತೆ ಎದ್ದು ಬಂದು ಹಳೇ ಟಿನ್ನಿನಲ್ಲಿ ನೀರು ತುಂಬಿ ಹೊಸದಕ್ಕೆ ಸುರಿದರು. ಒಂದಲ್ಲ, ಎರಡಲ್ಲ, ನಾಲ್ಕು ಸಲ.

“ಉದ್ದಕ್ಕೂ ಬೆಳೆದಿದೆ, ಅಡ್ಡಕ್ಕೂ ಬೆಳೆದಿದೆ ಕಣೇ. ಎಂಟು ಮೊಟ್ಟೆ ಒಡಿ.”

ಮೂರಕ್ಕೆ ಟಿನ್ನು ಓವನ್ನಿನೊಳಗೆ ಹೋಯಿತು. ಐದೇ ನಿಮಿಷಕ್ಕೆ ಅವಳ ಕೈ ಅದರ ಬಾಗಿಲಿಗೆ ಹೋಯಿತು. ಚಿಕ್ಕ ಕೇಕಾದರೆ ಹೇಗೋ ಸಹಿಸುತ್ತಿತ್ತು. ಇದು ನಿಧಾನಕ್ಕೆ ಬೇಯುವಂಥದ್ದು, ನಡುವೆ ತೆರೆದರೆ ಕುಸಿಯುತ್ತದೆ. ಅವಳಿಗೆ ಗೊತ್ತಿಲ್ಲದ್ದೇನಲ್ಲ, ಆದರೆ ಕೈ ಮಾತು ಕೇಳಬೇಕಲ್ಲ.

ಅತ್ತೆ ಕುರ್ಚಿ ಎಳೆದುಕೊಂಡು ಓವನ್ನಿಗೆ ಅಡ್ಡ ಕೂತರು.

“ಅತ್ತೆ, ಒಂದೇ ಒಂದು ಸಲ ನೋಡಿಬಿಡ್ತೀನಿ.”

“ಬೇಡ.”

“ಹಾಳಾದ್ರೆ?”

ಅತ್ತೆ ನೆಲ ನೋಡುತ್ತಾ ಹೇಳಿದರು: “ನೀನು ಈ ಮನೆಗೆ ಬಂದಾಗಿಂದ ನಿನ್ನ ಪಾತ್ರೆ ಮುಚ್ಚಳ ನಾನು ತೆಗೆದು ನೋಡದ ದಿನ ಇಲ್ಲ. ಉಪ್ಪು ಜಾಸ್ತಿ ಅಂದೆ, ಬೆಂದಿಲ್ಲ ಅಂದೆ. ನಿನ್ನ ಕೈ ಮೇಲೆ ನಿನಗೇ ನಂಬಿಕೆ ಇಲ್ಲದ ಹಾಗೆ ಮಾಡಿದ್ದು ನಾನೇ. ಇವತ್ತು ನಾನೂ ನೋಡಲ್ಲ, ನೀನೂ ನೋಡಬೇಡ.”

ಅವಳಿಗೆ ಸಿಟ್ಟು ಬಂತೋ ದುಃಖ ಬಂತೋ, ಎರಡೂ ಒಟ್ಟಿಗೇ ಬಂದವು. ಅಡುಗೆಮನೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ಓಡಾಡಿದಳು. ತೊಳೆದ ಬಟ್ಟಲನ್ನೇ ಮತ್ತೆ ತೊಳೆದಳು. ಅತ್ತೆ ಕುರ್ಚಿ ಬಿಟ್ಟು ಕದಲಲಿಲ್ಲ.

ನಾಲ್ಕೂಮುಕ್ಕಾಲಿಗೆ ಮಗಳು ಫೋನ್ ಹಿಡಿದೇ ಬಂದಳು.

“ಆಯ್ತಾ, ಅಜ್ಜಿ?”

ಅತ್ತೆ ಎದ್ದು ಕುರ್ಚಿ ಸರಿಸಿದರು. “ನನ್ನನ್ನೇನು ಕೇಳ್ತೀಯ? ನಿಮ್ಮಮ್ಮನ್ನ ಕೇಳು.”

ಅವಳು ಮೂಗರಳಿಸಿ ಒಂದು ಸಲ ಉಸಿರೆಳೆದುಕೊಂಡಳು.

“ಆಗಿದೆ,” ಎಂದಳು, ಬಾಗಿಲು ತೆರೆಯುವ ಮೊದಲೇ.